ಒಂದು ಸಾಲಿನ ಮೆಚ್ಚುಗೆ

ಪತ್ತೇದಾರಿ ಕತೆಗಳ ಹುಚ್ಚಿದ್ದ ಚೆನ್ನೈ ಕನ್ನಡಿಗರು ನಾವು ಕೆಲವರು ಆಗ ಇ-ಮೇಲ್ ಬಳಗವೊಂದನ್ನು ಕಟ್ಟಿಕೊಂಡಿದ್ದೆವು. ಅಂಬತ್ತೂರಿನ ಶಾರದಾ ಎಂಬವರು ಅದರಲ್ಲಿ ತಮ್ಮದೇ ಕತೆಯನ್ನು ಕಂತುಗಳಲ್ಲಿ ಬರೆಯುತ್ತಿದ್ದರು. ಬರೀ ‘ಚೆನ್ನಾಗಿದೆ’ ಎಂದು ಯಾರೂ ಮೇಲ್ ಕಳಿಸಕೂಡದು, ಎಲ್ಲರ ಇನ್‌ಬಾಕ್ಸ್ ತುಂಬುತ್ತದೆ ಎಂಬುದು ಬಳಗದ ನಿಯಮ. ಹಾಗಾಗಿ ತಪ್ಪು ಕಂಡವರು ಪುಟಗಟ್ಟಲೆ ಬರೆದರು, ಮೆಚ್ಚಿದವರು ಸುಮ್ಮನಿದ್ದರು. ಕೊನೆಗೆ ಶಾರದಾ, “ಯಾರಿಗೂ ಹಿಡಿಸಿದಂತಿಲ್ಲ, ಕತೆ ನಿಲ್ಲಿಸುತ್ತೇನೆ” ಎಂದು ಬರೆದರು.

ನಾನು ಆಫೀಸಿನಿಂದಲೇ ಬಳಗಕ್ಕೆ ಬರೆದೆ: “ಚೆನ್ನಾಗಿದೆ. ನಿಲ್ಲಿಸಬೇಡಿ.”

ಬಳಗ ನಡೆಸುತ್ತಿದ್ದ, ಗಿಂಡಿ ಬಡಾವಣೆಯ ಮೂರ್ತಿ ತಕ್ಷಣ ಫೋನ್ ಮಾಡಿದರು.

“ಏನ್ ಸಾರ್, ಬಾಯೇ ಬಿಡದೋರು ನೀವು. ನೀವೇ ರೂಲ್ಸ್ ಮುರಿದ್ರೆ ಹೆಂಗೆ?”

“ಹೋಟ್ಲಲ್ಲಿ ದೋಸೆ ಚೆನ್ನಾಗಿದ್ರೆ ಹೇಳಲ್ವಾ ಮೂರ್ತಿಗಳೇ?”

“ಅಲ್ಲಿ ದುಡ್ಡೇ ಕೊಡ್ತೀವಲ್ಲ ಸಾರ್, ಹೇಳೋದ್ಯಾಕೆ?”

“ಇಲ್ಲಿ ಅದನ್ನೂ ಕೊಡ್ತಿಲ್ಲವಲ್ಲ.”

“ಇನ್ನೊಂದ್ ಸಲ ಹಿಂಗೆ ಮಾಡಿದ್ರೆ ನಿಮ್ಮನ್ನ ತೆಗೀಬೇಕಾಗತ್ತೆ, ನೋಡಿ.”

ಫೋನಿಟ್ಟು, ಅದೇ ಮೇಲನ್ನು ಮತ್ತೆ ಕಳಿಸಿದೆ. ಸಂಜೆಯೊಳಗೆ ನನ್ನನ್ನು ತೆಗೆದುಹಾಕಿದರು.

ಶಾರದಾ ಮುಂದಿನ ಕಂತು ಬರೆದರು. ಬಳಗಕ್ಕೆ ಹಾಕದೆ ನನಗೊಬ್ಬನಿಗೇ ಕಳಿಸಿದರು. ಕೆಲವು ದಿನ ಕಾದು ಮೂರ್ತಿ ಮತ್ತೆ ಫೋನ್ ಮಾಡಿದರು.

“ನಿಮಗೇನಾದ್ರೂ ಬಂತಾ ಸಾರ್?”

“ಬಂತು.”

“ಹೇಗಿದೆ?”

ಅದನ್ನು ಹೇಳುವುದು ನಿಯಮಕ್ಕೆ ವಿರುದ್ಧ ಎಂದೆ.