ಡಾಲಿ ಆರಿಸದ ಕೂಲರ್

ಆ ಎಪ್ರಿಲ್‌ನಲ್ಲಿ ಡಾಲಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಮನೆಗೆ ಬಂದ ಕೂಡಲೇ ಮಾಡುತ್ತಿದ್ದ ಕೆಲಸ ಒಂದೇ: ಬಚ್ಚಲಿಗೆ ಹೋಗಿ ಪಾದಗಳ ಮೇಲೆ ನೀರು ಬಿಟ್ಟುಕೊಳ್ಳುವುದು. ನಳ್ಳಿಯ ನೀರೂ ಬಿಸಿಯಾಗಿರುತ್ತಿತ್ತು. ಕೊಡಿಯಾಲ್‌ಬೈಲ್‌ನ ಹಳೆಯ ಅಪಾರ್ಟ್‌ಮೆಂಟಿನ ಕೊನೆಯ ಮಹಡಿ ಅವರದು. ಹಗಲಿಡೀ ಕಾದ ತಾರಸಿ ಹೊತ್ತು ಮುಳುಗಿದ ಮೇಲೂ ಮನೆಯೊಳಗೆ ಸೆಕೆ ಇಳಿಸುತ್ತಲೇ ಇರುತ್ತಿತ್ತು.

ಗಂಡ ಆರ್ಥರ್ ಕುವೈತಿನಲ್ಲಿ ಟ್ರೈಲರ್ ಓಡಿಸುತ್ತಿದ್ದವನು. ಸಕ್ಕರೆ ಕಾಯಿಲೆಯಿಂದ ಬಲಗಾಲಿನಲ್ಲಿ ಹುಣ್ಣಾಗಿ ಊರಿಗೆ ಬಂದ. ಹುಣ್ಣು ಮಾಯದೆ ನಂಜೇರಿತು. ಆಸ್ಪತ್ರೆಗೆ ಸೇರಿಸುವಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ಪಾದ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ನರ್ಸ್ ಆಗಿದ್ದ ಡಾಲಿಗೆ ಅದು ಅವರು ಹೇಳುವ ಮೊದಲೇ ಗೊತ್ತಿತ್ತು. ಮಕ್ಕಳಿಲ್ಲದ ಮನೆ, ಕೇಳಲು ಇನ್ನೊಬ್ಬರಿಲ್ಲ. "ತೆಗೆಯಿರಿ" ಎಂದಳು.

ಎಚ್ಚರವಾದ ಮೇಲೆ ಆರ್ಥರ್ ಕೂಗಾಡಲಿಲ್ಲ, ಅಳಲೂ ಇಲ್ಲ. ಆದರೆ ಅಂದಿನಿಂದ ಅವಳು ಏನು ಕೇಳಿದರೂ ಒಂದೇ ಉತ್ತರ: "ನಿನಗೆ ಸರಿ ಕಂಡದ್ದು ಮಾಡು. ನನ್ನನ್ನು ಕೇಳುವುದು ಎಂತಕ್ಕೆ?" ಮೀನು ಯಾವುದು ತರಲಿ, ಫ್ಯಾನ್ ಯಾರ ಹತ್ತಿರ ರಿಪೇರಿ ಮಾಡಿಸಲಿ, ತಂಗಿಯ ಮಗಳ ಮದುವೆಗೆ ಹೋಗುವುದೋ ಬೇಡವೋ, ಎಲ್ಲವೂ ಅವಳ ತಲೆಯ ಮೇಲೆಯೇ ಬಿತ್ತು. ವಾರ್ಡಿನ ದುಡಿಮೆಗಿಂತ ಅದೇ ಅವಳನ್ನು ಹೆಚ್ಚು ದಣಿಸಿತು.

ಅವನಿಗೆ ಸ್ವಲ್ಪ ಜೀವ ತಂದದ್ದು ಅವನ ಅಕ್ಕನ ಮಗ ಇರ್ವಿನ್ ಬಿಟ್ಟುಹೋದ ಗೇಮಿಂಗ್ ಕಂಪ್ಯೂಟರ್. ಶಾರ್ಜಾಕ್ಕೆ ಹೊರಡುವಾಗ ಅವನು ಅದನ್ನು ಸ್ಟೇರಿಂಗ್, ಪೆಡಲ್ ಸಮೇತ ಮಾವನ ಕೋಣೆಯಲ್ಲಿ ಜೋಡಿಸಿಕೊಟ್ಟಿದ್ದ. ಅದರಲ್ಲೊಂದು ಲಾರಿ ಓಡಿಸುವ ಆಟ. ಆರ್ಥರ್ ಎಡಗಾಲನ್ನೇ ಎರಡೂ ಪೆಡಲುಗಳಿಗೆ ಪಳಗಿಸಿಕೊಂಡು ಕಂಡು ಕೇಳರಿಯದ ಊರುಗಳಿಗೆ ಸರಕು ಸಾಗಿಸತೊಡಗಿದ. ಆ ಹೊತ್ತಿನಲ್ಲಿ ಅವನ ಬೆನ್ನು ನೆಟ್ಟಗಿರುತ್ತಿತ್ತು.

ಸೆಕೆ ಏರಿದಂತೆ ಕಂಪ್ಯೂಟರ್ ನಡುದಾರಿಯಲ್ಲಿ ತನ್ನಷ್ಟಕ್ಕೆ ಬಂದ್ ಆಗತೊಡಗಿತು. ಒಂದು ಮಧ್ಯಾಹ್ನ ಆರ್ಥರ್ ಸ್ಟೇರಿಂಗಿಗೆ ಗುದ್ದಿದ. "ಇದೂ ಹೋಯ್ತು" ಎಂದು ಗೋಡೆಯ ಕಡೆ ತಿರುಗಿ ಮಲಗಿದವನು ಊಟಕ್ಕೂ ಏಳಲಿಲ್ಲ.

ರಜೆಯ ದಿನ ಡಾಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾ ಹತ್ತಿದಳು. ಬಲ್ಮಠದ ಹತ್ತಿರ ಫೈಝಲ್ ಎಂಬವನ ಅಂಗಡಿ ಇತ್ತು. ಅವನು ಮುಚ್ಚಳ ತೆಗೆದು ಒಳಗಿನ ಧೂಳು ತೋರಿಸಿದ.

"ಪ್ರೊಸೆಸರ್ ಜೊತೆ ಬಂದ ಸಣ್ಣ ಕೂಲರ್ ಇದು ಆಂಟಿ. ಈ ಸೆಕೆಗೆ ಸಾಕಾಗುದಿಲ್ಲ. ಹೀಟಾದ್ರೆ ಅದು ತನ್ನನ್ನು ಉಳಿಸಿಕೊಳ್ಳಲಿಕ್ಕೆ ಆಫ್ ಆಗ್ತದೆ. ಬೇರೆ ಹಾಕ್ಬೇಕು."

ಎರಡು ಪೆಟ್ಟಿಗೆ ತಂದಿಟ್ಟ. ಒಂದು ನೀರಿನದು: ಕೊಳವೆಗಳು, ಬಣ್ಣದ ದೀಪಗಳು. ಇನ್ನೊಂದು ಗಾಳಿಯದು: ತಗಡುಗಳ ದಪ್ಪ ಕಟ್ಟು, ಅದಕ್ಕೆ ಅಂಟಿದ ದೊಡ್ಡ ಫ್ಯಾನು.

"ಯಾವುದು ಹಾಕ್ಲಿ?"

ಡಾಲಿ ಎರಡನ್ನೂ ನೋಡುತ್ತ ನಿಂತಳು. ಪ್ರಶ್ನೆ ದೊಡ್ಡದೇನಲ್ಲ. ಆದರೆ ಇದನ್ನೂ ತಾನೇ ಆರಿಸಬೇಕಿತ್ತು. ಸ್ಟೂಲಿನ ಮೇಲೆ ಕುಳಿತು ಮನೆಗೆ ಫೋನ್ ಮಾಡಿದಳು.

"ಎರಡು ನಮೂನೆಯದ್ದು ಉಂಟಂತೆ. ಯಾವುದು ಬೇಕು, ಹೇಳಿ."

"ನಿನಗೆ ಸರಿ ಕಂಡದ್ದು…"

"ಇಲ್ಲ. ನನಗೆ ಯಾವುದೂ ಸರಿ ಕಾಣುದಿಲ್ಲ. ನನಗೆ ಸಾಕಾಗಿದೆ ಆರ್ಥರ್. ನೀವು ಹೇಳದಿದ್ರೆ ನಾನು ಇಲ್ಲಿಯೇ ಕೂತ್ಕೊಳ್ತೇನೆ."

ಅವಳ ಸ್ವರ ಏರಿರಲಿಲ್ಲ. ಅತ್ತ ಕಡೆ ಮಂಚ ಕಿರುಗುಟ್ಟಿತು, ಆರ್ಥರ್ ಎದ್ದು ಕೂತಿರಬೇಕು. ಆಮೇಲೆ, "ಅಂಗಡಿಯವನಿಗೆ ಕೊಡು" ಎಂದ.

ಫೈಝಲ್ ಸ್ಪೀಕರ್ ಹಾಕಿ, ನೀರಿನದು ಗಾಳಿಯದು ಎರಡನ್ನೂ ವಿವರಿಸಿದ. ಆರ್ಥರ್ ವಿಚಾರಿಸತೊಡಗಿದ. ನೀರು ತಿರುಗಿಸಲಿಕ್ಕೆ ಪಂಪ್ ಉಂಟಾ? ಅದು ಕೆಟ್ಟರೆ?

"ಪಂಪ್ ಹೋದ್ರೆ ಇಡೀ ಸೆಟ್ಟೇ ಬದಲಿಸ್ಬೇಕು ಅಂಕಲ್. ಗಾಳಿಯದ್ದರಲ್ಲಿ ಫ್ಯಾನ್ ಹೋದ್ರೆ ಫ್ಯಾನ್ ಮಾತ್ರ."

"ತಣ್ಣಗೆ ಮಾಡುದು ಯಾವುದು ಹೆಚ್ಚು?"

"ನೀರಿನದ್ದು ಸ್ವಲ್ಪ ಹೆಚ್ಚು. ಆದ್ರೆ ನಿಮ್ಮ ಪ್ರೊಸೆಸರಿಗೆ ಗಾಳಿಯದ್ದು ಧಾರಾಳ ಸಾಕು. ಮತ್ತೆ ಯಾವುದೇ ಆದ್ರೂ ಕೋಣೆಯ ಗಾಳಿಗಿಂತ ತಂಪು ಮಾಡ್ಲಿಕ್ಕೆ ಆಗುದಿಲ್ಲ. ಕಂಪ್ಯೂಟರ್ ಇಟ್ಟದ್ದು ಎಲ್ಲಿ?"

"ಕಪಾಟಿನ ಸಂದಿಯಲ್ಲಿ."

"ಅಯ್ಯೋ, ಅಲ್ಲಿಂದ ಹೊರಗೆ ತೆಗೀರಿ ಅಂಕಲ್, ಅದಕ್ಕೆ ಉಸಿರಾಡ್ಲಿಕ್ಕೆ ಜಾಗ ಬೇಡವಾ!"

ಆರ್ಥರ್ ನಕ್ಕ. ಸಣ್ಣ ನಗು. ಆದರೂ ಡಾಲಿ ತಲೆಯೆತ್ತಿ ಫೋನನ್ನೇ ನೋಡಿದಳು.

"ಗಾಳಿಯದ್ದೇ ಹಾಕು ಮಾರಾಯ. ಮರಳುಗಾಡಿನಲ್ಲಿ ಟ್ರೈಲರಿನ ಪಂಪ್ ಕೈಕೊಟ್ಟು ನಿಂತವ ನಾನು. ನಮ್ಮ ಪೆಟ್ಟಿಗೆಯೊಳಗೆ ಅದು ಹಿಡಿಸ್ತದಾ ಅಂತ ಮೊದಲು ಅಳತೆ ನೋಡು."

ಅಳತೆ ನೋಡಿದಾಗ ಮುಚ್ಚಳಕ್ಕೆ ತಾಗುವಷ್ಟು ಎತ್ತರವಿತ್ತು. ಫೈಝಲ್ ಅದಕ್ಕಿಂತ ಗಿಡ್ಡದೊಂದನ್ನು ಹುಡುಕಿ ತಂದು ಹಾಕಿಕೊಟ್ಟ.

ಅವಳು ಮನೆಗೆ ಬರುವಷ್ಟರಲ್ಲಿ ಆರ್ಥರ್ ಊರುಗೋಲು ಹಿಡಿದುಕೊಂಡೇ ಮೇಜನ್ನು ಕಿಟಕಿಯ ಬಳಿಗೆ ತಳ್ಳಿದ್ದ. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ತಂತಿಗಳನ್ನೆಲ್ಲ ಅವನೇ ಸಿಕ್ಕಿಸಿದ. ಯಂತ್ರ ಶುರುವಾಗಿ, ಲಾರಿ ಯಾವುದೋ ಘಾಟಿ ಹತ್ತಿ ಇಳಿಯಿತು, ಕಂಪ್ಯೂಟರ್ ನಿಲ್ಲಲಿಲ್ಲ. ಫ್ಯಾನಿನ ಸದ್ದು ಮಾತ್ರ ಜೋರಾಗಿತ್ತು.

ಡಾಲಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ರಸ್ತೆಯಿಂದ ಕಣ್ಣು ತೆಗೆಯದೆ ಆರ್ಥರ್ ಹೇಳಿದ, "ಆ ದಿನ ನನಗೆ ಎಚ್ಚರ ಇದ್ದಿದ್ರೆ ನಾನು ಬೇಡ ಅಂತಿದ್ದೆ."

"ಗೊತ್ತುಂಟು."

"ಸತ್ತೇ ಹೋಗ್ತಿದ್ದೆ."

"ಅದೂ ಗೊತ್ತುಂಟು."

ಅವಳು ಅಡುಗೆಮನೆಗೆ ಹೋಗಿ ಗಂಜಿಗೆ ಇಟ್ಟಳು.

ಎಲ್ಲವೂ ಸರಿಯಾಯಿತೆಂದಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಆಡಬಾರದೆಂದು ಅವನೇ ನಿಯಮ ಮಾಡಿಕೊಂಡ. ಆ ಹೊತ್ತಿನಲ್ಲಿ ಸಿಡುಕುತ್ತಿದ್ದ. ಒಂದು ದಿನ ಅವಳು ಡ್ಯೂಟಿಗೆ ಹೊರಟಾಗ ಒಳಗಿನಿಂದ ಕೂಗಿದ, "ಬರುವಾಗ ಬಂಗುಡೆ ಮೀನು ತಾ. ಬೂತಾಯಿ ಬೇಡ."

ಡಾಲಿ ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತಳು. "ಆಯ್ತು" ಎಂದು, ಮೆಟ್ಟಿಲಿಳಿದು ಬಿಸಿಲಿಗೆ ನಡೆದಳು.