ರೈಲಿನ ಸದ್ದು ಸೇರಿಸಿ ಮಾರಿದ ಮನೆ

ಕ್ಯಾಮೆರಾಕ್ಕೆ ಮೂವತ್ತೆಂಟು ಸಾವಿರ, ಅದನ್ನು ನಿಲ್ಲಿಸುವ ಕೋಲಿಗೆ ಎರಡು ಸಾವಿರ, ತೆಗೆದ ಚಿತ್ರಗಳನ್ನು ಜೋಡಿಸಿ ಮೊಬೈಲಿನೊಳಗೆ ಮನೆ ಕಟ್ಟಿಕೊಡುವ ಆ್ಯಪ್‌ಗೆ ವರ್ಷಕ್ಕೆ ಒಂಬತ್ತು ಸಾವಿರ. ಅಂಗಡಿಯವನು ಕ್ಯಾಮೆರಾಕ್ಕೆ ನಲವತ್ತೆರಡು ಹೇಳಿದ್ದ. ಒಂದೂವರೆ ತಾಸು ಕೂತು, ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದು ಇಳಿಸಿದೆ. ಹೊಸ ಸ್ಕೂಟಿಗೆಂದು ಕೂಡಿಟ್ಟ ದುಡ್ಡು ಅದು. ಹಳೆಯ ಸ್ಕೂಟಿಯ ಸೀಟು ಹರಿದು ಸ್ಪಂಜು ಹೊರಗೆ ಬಂದಿದೆ. ಅದಕ್ಕೊಂದು ಪ್ಲಾಸ್ಟಿಕ್ ಚೀಲ ಬಿಗಿದು ಇವತ್ತಿಗೂ ಅದರ ಮೇಲೆಯೇ ತಿರುಗುತ್ತೇನೆ. ನಗುವವರು ನಗಲಿ.

ಯಾಕೆ ಖರ್ಚು ಮಾಡಿದೆ ಎಂದರೆ, ಮನೆ ಮಾರಿಸಿಕೊಡುವುದು ನನ್ನ ಕಸುಬು. ಹಿಂದಿನ ಬೇಸಿಗೆಯಲ್ಲಿ ಖಾನಾಪುರದ ಒಂದೇ ಮನೆ ತೋರಿಸಲು ಬೆಳಗಾವಿಯಿಂದ ಹನ್ನೊಂದು ಸಲ ಹೋಗಿ ಬಂದಿದ್ದೆ. ನಮ್ಮ ಕಡೆ ಮನೆ ನೋಡಲು ಒಬ್ಬರೇ ಬರುವುದಿಲ್ಲ. ಅತ್ತೆ, ಮಾವ, ಬೀಗರು, ವಾಸ್ತು ಬಲ್ಲ ಸೋದರಮಾವ, ಎಲ್ಲರೂ ಬರುತ್ತಾರೆ. ಹನ್ನೊಂದನೆಯ ಕುಟುಂಬ ಗೇಟಿನ ಮುಂದೆ ಗಾಡಿಯಿಂದ ಇಳಿಯಿತು. ಸೋದರಮಾವ ಮೊಬೈಲಿನಲ್ಲಿ ದಿಕ್ಕು ನೋಡಿ, “ಬಾಗಲಾ ದಕ್ಷಿಣಕ್ಕ ಐತಲ್ರಿ” ಎಂದ. ಎಲ್ಲರೂ ಮತ್ತೆ ಗಾಡಿ ಹತ್ತಿದರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಈ “ಬ್ಯಾಡ” ಎನ್ನುವ ಮಾತನ್ನು ಅವರು ತಮ್ಮ ಮನೆಯಲ್ಲೇ ಕೂತು ಹೇಳಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. ಆ ವಾರವೇ ಕ್ಯಾಮೆರಾ ತಂದೆ.

ಬೆಳಗಾವಿಯ ಖಾಸಬಾಗದ ಚಹಾದಂಗಡಿಯೊಂದರಲ್ಲಿ ಬೆಳಿಗ್ಗೆ ದಲ್ಲಾಳಿಗಳು ಕೂಡುತ್ತಾರೆ. ಎಲ್ಲರೂ ಗಂಡಸರು. ಅವರಲ್ಲಿ ಹಿರಿಯನೊಬ್ಬ ನನ್ನ ಕೈಯಲ್ಲಿದ್ದ ಕೋಲು ನೋಡಿ ಕೇಳಿದ: “ಏನ್ರೀ ಅಕ್ಕಾರ, ಮನಿ ಮಾರಾಕ ಹೊಂಟೀರೋ, ಸಿನಿಮಾ ತಗ್ಯಾಕ ಹೊಂಟೀರೋ?”

“ಎರಡೂ ಮಾಡ್ತೀನ್ರಿ ಅಣ್ಣಾರ. ಖಳನಾಯಕನ ಪಾರ್ಟು ಖಾಲಿ ಐತಿ, ಬರ್ತೀರೇನು?”

ಉಳಿದವರು ನಕ್ಕರು, ಅವನು ನಗಲಿಲ್ಲ. “ಮನಿ ಪೂರಾ ಮೊಬೈಲ್‌ನ್ಯಾಗ ತೋರಿಸಿದ ಮ್ಯಾಲೆ ಗಿರಾಕಿ ನಿಮ್ಮ ಹಿಂದ ಯಾಕ ಬರ್ತಾನ್ರಿ? ಮುಚ್ಚಿದ ಮುಷ್ಟಿಗೇ ಬೆಲೆ” ಎಂದ.

ಮುಚ್ಚಿದ ಮುಷ್ಟಿಯ ವ್ಯಾಪಾರ ನನಗೂ ಗೊತ್ತು. ಈ ಕಸುಬಿಗೆ ಬರುವ ಮೊದಲು ಸೀರೆಯ ಗಂಟು ಹೊತ್ತು ಮಹಾಂತೇಶ ನಗರದ ಮನೆಮನೆ ತಿರುಗಿದವಳು ನಾನು. ಸೆರಗು ಮೊದಲು ಬಿಚ್ಚಿ ತೋರಿಸಿ, ಕಲೆ ಬಿದ್ದ ಮಗ್ಗುಲನ್ನು ಮಡಿಕೆಯೊಳಗೆ ಇಟ್ಟು ಮಾರಿದ್ದೇನೆ. ಮರುದಿನ ಆ ಸೀರೆ ನನ್ನ ಮುಖಕ್ಕೇ ವಾಪಸು ಬಂದಿದೆ. ಸೀರೆಯಾದರೆ ವಾಪಸು ತೆಗೆದುಕೊಳ್ಳಬಹುದು, ಮನೆಯನ್ನು ಹಾಗೆ ತೆಗೆದುಕೊಳ್ಳಲಿಕ್ಕಾಗುತ್ತದೆಯೇ?

ಮಳೆಗಾಲದಲ್ಲಿ ಖಾನಾಪುರದ ಒಬ್ಬ ಅಕ್ಕಿ, ಗೋಡಂಬಿ ವ್ಯಾಪಾರಿ ನನ್ನನ್ನು ಕರೆಸಿದರು. ಲಿಂಗಾಯತರ ಮನೆತನ, ಅಲ್ಲಿಯೇ ತಲೆಮಾರುಗಳಿಂದ ಇದ್ದವರು. ಖಾಸಬಾಗದ ಪೇಟೆಯಲ್ಲಿ ಅವರು ಕೊಳ್ಳಲು ಒಂದು ಅಂಗಡಿ ಗೊತ್ತು ಮಾಡಿಕೊಂಡಿದ್ದರು. ಅಂಗಡಿಯ ಮಾಲೀಕ ದಸರಾತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಅಂಗಡಿ ಕೊಳ್ಳಬೇಕಾದರೆ ಈ ಮನೆ ಹೋಗಬೇಕು. ಐದು ತಿಂಗಳಿಂದ ದಲ್ಲಾಳಿಗಳು ತಿಪ್ಪರಲಾಗ ಹಾಕಿದ್ದರೂ ಹೋಗಿರಲಿಲ್ಲ. ಮನೆ ಗಟ್ಟಿ, ನೀರು ಚೆನ್ನ, ಬಾಗಿಲು ಪೂರ್ವಕ್ಕೆ. ತೊಡಕು ಒಂದೇ: ಹಿಂದಿನ ಕೋಣೆಯ ಕಿಟಕಿ ತೆಗೆದರೆ ರೈಲಿನ ಹಳಿ.

ಹಳಿಯ ಬಾಜುವಿನ ಮನೆ ತೋರಿಸಲು ನಮ್ಮ ದಲ್ಲಾಳಿಗಳಲ್ಲಿ ಒಂದು ರೂಢಿ ಇದೆ. ರೈಲಿನ ವೇಳೆ ಎಲ್ಲರಿಗೂ ಬಾಯಿಪಾಠ. ಒಂದು ಗಾಡಿ ಹೋದ ಮೇಲೆ ಗಿರಾಕಿಯನ್ನು ಒಳಗೆ ಕರೆದುಕೊಂಡು ಹೋಗಬೇಕು, ಇನ್ನೊಂದು ಬರುವುದರೊಳಗೆ ಹೊರಗೆ ತರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಗೂಡ್ಸ್ ಗಾಡಿ ಬಂದರೆ ಅಡುಗೆಮನೆಯ ಮಿಕ್ಸರ್ ಹಚ್ಚಿ, “ನೋಡ್ರಿ, ಕರೆಂಟಿನ ಪಾಯಿಂಟು ಎಷ್ಟು ಅದಾವು!” ಎನ್ನಬೇಕು. ನಾನೂ ಹಚ್ಚಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಆದರೆ ಗಿರಾಕಿಗಳೇನು ಹುಚ್ಚರಲ್ಲ. ಸಂಚಕಾರದ ಮುಂಗಡ ಕೊಡುವ ಮೊದಲು ಒಂದು ದಿನ ಸುಮ್ಮನೆ ಬಂದು ಓಣಿಯವರನ್ನು ಕೇಳುತ್ತಿದ್ದರು, ರೈಲು ನೋಡುತ್ತಿದ್ದರು, ಓಡುತ್ತಿದ್ದರು. ಐದು ತಿಂಗಳು ಹೀಗೆಯೇ ನಡೆದಿತ್ತು.

ಮೊದಲ ದಿನ ಆ ಮನೆಗೆ ಕ್ಯಾಮೆರಾ ತೆಗೆದುಕೊಂಡು ಹೋದಾಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಅಲ್ಲಿಯ ತನಕ ತೆಗೆದದ್ದೆಲ್ಲ ಜನರಿಲ್ಲದ ಖಾಲಿ ಮನೆಗಳು. ಪಡಸಾಲೆಯ ನಡುವೆ ಕೋಲು ನಿಲ್ಲಿಸಿ ಮನೆಯವರಿಗೆ ಹೇಳಿದೆ: “ಎಲ್ಲಾರೂ ಕ್ಯಾಮೆರಾದ ಹಿಂದ ನಿಂದರ್ರಿ. ಯಾರೂ ಮುಂದ ಬರಬ್ಯಾಡ್ರಿ.” ಹುಟ್ಟಿದಾಗಿನಿಂದ ನೋಡಿದ ಫೋಟೊಗಳ ಬುದ್ಧಿ. ಅವರು ಶಿಸ್ತಾಗಿ ಹಿಂದೆ ನಿಂತರು. ನಾನು ಹೊರಗೆ ಹೋಗಿ ಮೊಬೈಲಿನಿಂದ ಒತ್ತಿದೆ. ಮುಂದಿನ ಮಗ್ಗುಲನ್ನಷ್ಟೇ ನೋಡಿ, ಚೆಂದ ಬಂತೆಂದು ಹಿಗ್ಗಿ, ಒಂಬತ್ತು ಜನ ಗಿರಾಕಿಗಳಿಗೆ ಲಿಂಕ್ ಕಳಿಸಿದೆ. ಈ ಕ್ಯಾಮೆರಾಕ್ಕೆ ಹಿಂದು ಎಂಬುದೇ ಇಲ್ಲ. ಅದು ಸುತ್ತಲೂ ಒಮ್ಮೆಗೇ ನೋಡುತ್ತದೆ. ಇದು ತಿಳಿಯದೆ ಖರೀದಿ ಮಾಡಿದ್ದೆನೇ ಎಂದರೆ, ತಿಳಿದಿತ್ತು. ಆದರೆ ತಿಳಿದದ್ದು ತಲೆಯೊಳಗಿತ್ತು, ಬಾಯಿಗೆ ಹಳೆಯ ಮಾತೇ ಬಂತು.

ಮರುದಿನ ಚಹಾದಂಗಡಿಯ ಹಿರಿಯ ದಲ್ಲಾಳಿ ದೂರದಿಂದಲೇ ಕೂಗಿದ: “ಬರ್ರಿ ಅಕ್ಕಾರ, ಬರ್ರಿ! ಪೂಜಿ ಆಗೇತಿ, ಪ್ರಸಾದ ತಗೋರಿ!”

ಅವನ ಮೊಬೈಲಿನಲ್ಲಿ ನಾನು ಕಳಿಸಿದ ಮನೆ ಇತ್ತು. ಯಾವುದೋ ಗಿರಾಕಿಯಿಂದ ಅವನ ತನಕ ಬಂದಿತ್ತು. ಹೆಬ್ಬೆರಳಿನಿಂದ ಪಡಸಾಲೆಯನ್ನು ಗರ್ರನೆ ತಿರುಗಿಸಿದ. ಬನಿಯನ್ನಿನಲ್ಲಿ ಯಜಮಾನರು, ಒಗೆದ ಬಟ್ಟೆಯ ಬುಟ್ಟಿ ಹಿಡಿದ ಅವರ ಹೆಂಡತಿ. ಅವರ ಹಿಂದೆ ತೆರೆದ ದೇವರ ಕೋಣೆಯಲ್ಲಿ, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತ ಆಯಿ, ಯಜಮಾನರ ತಾಯಿ.

ಲಿಂಗಪೂಜೆ ಅವರವರ ಅಂಗೈಗೂ ಅವರವರ ಕಣ್ಣಿಗೂ ಸೇರಿದ್ದು. ಮನೆಯ ಸೊಸೆಯೂ ಆ ಹೊತ್ತಿಗೆ ಆ ಕೋಣೆಯ ಕಡೆ ಕಣ್ಣು ಹಾಯಿಸುವುದಿಲ್ಲ. ಅದನ್ನು ನಾನು ಬೆಳಗಾವಿಯ ಒಂಬತ್ತು ಮನೆಗೆ ಕಳಿಸಿದ್ದೆ.

ಅಲ್ಲಿಯೇ ನಿಂತು ಲಿಂಕ್ ಅಳಿಸಿದೆ. ಅವನ ಮೊಬೈಲಿನಲ್ಲೂ ಮನೆ ಮಾಯವಾಯಿತು. “ಚಹಾ ಕುಡ್ದು ಹೋಗ್ರಿ” ಎಂದ. “ನೀವ ಕುಡೀರಿ, ನನ್ನ ಸಿನಿಮಾಕ್ಕ ಖಳನಾಯಕ ಸಿಕ್ಕ” ಎಂದು ನೇರ ಖಾನಾಪುರಕ್ಕೆ ಗಾಡಿ ತಿರುಗಿಸಿದೆ. ಬೇರೆಯವರ ಬಾಯಿಂದ ಆ ಮನೆಗೆ ಸುದ್ದಿ ಮುಟ್ಟುವ ಮೊದಲು ನಾನೇ ಹೇಳಬೇಕಿತ್ತು.

ಹೇಳಿದೆ. ಯಜಮಾನರು ಸಿಟ್ಟಿಗೆದ್ದು, “ನಿಮ್ಮ ಕ್ಯಾಮೆರಾನೂ ಬ್ಯಾಡ, ನೀವೂ ಬ್ಯಾಡ” ಎಂದರು. ನಾನು ಆಯಿಯ ಕಾಲು ಮುಟ್ಟಿ ತಪ್ಪಾಯಿತೆಂದೆ.

ಆಯಿ, “ಐವತ್ತು ವರ್ಷ ಆತು. ನನ್ನ ಪೂಜಿ ನನ್ನ ಮಗಾನೂ ನೋಡಿಲ್ಲ. ನಿನ್ನ ಡಬ್ಬಿ ನೋಡ್ತು” ಎಂದರು. ಮಗನ ಕಡೆ ತಿರುಗಿ, “ಉಳದವರು ಐದು ತಿಂಗಳು ಬಂದ್ರು, ಒಬ್ಬರೂ ತಪ್ಪಾತು ಅಂದಿಲ್ಲ. ಈಕಿ ಅಂದಾಳ. ಇನ್ನೊಮ್ಮೆ ತಗೀಲಿ. ಈ ಸಲ ನಾ ಕುಂತು ನೋಡ್ತೀನಿ” ಎಂದರು.

ಯಜಮಾನರು ಎಂಟು ದಿನ ಕೊಟ್ಟರು. ಎಂಟು ದಿನದಲ್ಲಿ ಆಗದಿದ್ದರೆ ಮನೆಯನ್ನು ಆ ಹಿರಿಯ ದಲ್ಲಾಳಿಗೆ, ಅವನು ಹೇಳಿದ ಅಗ್ಗದ ಬೆಲೆಗೆ ಬಿಡುವುದು. ಆ ಬೆಲೆಗೆ ಖಾಸಬಾಗದ ಅಂಗಡಿ ಬರುತ್ತಿರಲಿಲ್ಲ.

ಈ ಸಲ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕಳಿಸಿದೆ, ದೇವರ ಕೋಣೆಯ ಬಾಗಿಲು ಹಾಕಿಸಿದೆ. ಹೊರಗಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತು ಆಯಿ ಮೊಬೈಲಿನ ಪರದೆ ನೋಡುತ್ತಿದ್ದರು. ಹಿಂದಿನ ಕೋಣೆಯ ಸರದಿ ಬಂದಾಗ ದೂರದಲ್ಲಿ ಸೀಟಿ ಕೇಳಿಸಿತು. ನಾನು ಬೆರಳು ತಡೆದೆ.

“ಯಾಕ ನಿಂತಿ?”

“ಗಾಡಿ ಬರಾಕತ್ತೇತಿ ಆಯಿ. ಹೋಗಲಿ, ಆಮ್ಯಾಲೆ ತಗೀತೀನಿ.”

“ನನ್ನ ಊರಿಗೆಲ್ಲಾ ತೋರಿಸಾಕ ನಾಚಲಿಲ್ಲ. ರೈಲು ತೋರಿಸಾಕ ನಾಚ್ತೀಯೇನ?”

ಬೆರಳು ಒತ್ತಿದೆ. ಪರದೆಯಲ್ಲಿ ಕಿಟಕಿಯ ತುಂಬ ರೈಲು ಬಂತು. ಒಳಗೆ ಓಡಿ ಮೊಬೈಲನ್ನು ಕಿಟಕಿಯ ಹತ್ತಿರ ಹಿಡಿದು ಸದ್ದನ್ನೂ ತೆಗೆದುಕೊಂಡೆ, ಗಾಡಿಯ ತುದಿ ದಾಟುವ ತನಕ. ಮೊಬೈಲಿನ ಮನೆಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿರುತ್ತವೆ. ಒಂದನ್ನು ಒತ್ತಿದರೆ ಮುಂದಿನ ಕೋಣೆಗೆ ಹೋಗುತ್ತೀರಿ, ಇನ್ನೊಂದನ್ನು ಒತ್ತಿದರೆ ನೀರಿನ ಟಾಕಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆ ಕಿಟಕಿಯ ಮೇಲೊಂದು ಕೆಂಪು ಚುಕ್ಕೆ ಇಟ್ಟು, ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ: “ರೈಲು ಕೇಳಿ.” ಒತ್ತಿದರೆ ಪೂರ್ತಿ ಸದ್ದು, ಜೊತೆಗೆ ದಿನಕ್ಕೆ ಯಾವ ಯಾವ ಹೊತ್ತಿಗೆ ಬರುತ್ತದೆಂಬ ಪಟ್ಟಿ.

ಚಹಾದಂಗಡಿಯಲ್ಲಿ ಇದನ್ನು ಕೇಳಿ ಕೈ ತಟ್ಟಿ ನಕ್ಕರು. “ಐಬು ಇದ್ದ ಎತ್ತಿನ ಕೊಳ್ಳಾಗ ಗಂಟಿ ಕಟ್ಟಿ ಸಂತಿಗೆ ಹೊಡ್ದಂಗಾತು!” ಎಂದ ಹಿರಿಯ. ನಗಲಿ ಎಂದು ಬಿಟ್ಟೆ. ಮಿಕ್ಸರ್ ಹಚ್ಚಿ ಮಾರುವುದು ಇವರಿಗೆ ಜಾಣತನ, ನಾನು ಕಿಟಕಿ ತೆಗೆದದ್ದು ಹುಚ್ಚುತನ.

ಆ ಸಲದಿಂದ ಯಾರಿಗೆ ಕಳಿಸುತ್ತೇನೋ ಅವರಿಗೆ ಬೇರೆ ಬೇರೆ ಲಿಂಕ್ ಕೊಡುತ್ತೇನೆ. ಎಷ್ಟು ಸಲ ತೆರೆದರು, ಯಾವ ಚುಕ್ಕೆ ಒತ್ತಿದರು ಎಂದು ಆ್ಯಪ್ ನನಗೆ ಹೇಳುತ್ತದೆ. ಹೆಚ್ಚಿನವರು ಕೆಂಪು ಚುಕ್ಕೆ ಒಮ್ಮೆ ಒತ್ತಿ ಮತ್ತೆ ಬರಲಿಲ್ಲ. ಬೇಸರವಿಲ್ಲ, ಪೆಟ್ರೋಲು ಉಳಿಯಿತು. ಆದರೆ ಮಹಾಂತೇಶ ನಗರದ ಒಂದು ಲಿಂಕ್ ನಾಲ್ಕು ದಿನದಲ್ಲಿ ಹತ್ತೊಂಬತ್ತು ಸಲ ತೆರೆದಿತ್ತು. ಜೈನರ ಮನೆ, ಗಂಡನದು ಬಟ್ಟೆ ವ್ಯಾಪಾರ, ಹೆಂಡತಿ ಖಾನಾಪುರದ ಕಾಲೇಜಿನಲ್ಲಿ ಪಾಠ ಹೇಳುವವರು, ದಿನಾ ಬಸ್ಸಿಗೆ ಜೋತುಬಿದ್ದು ಹೋಗಿ ಬರುವವರು. ಅಡುಗೆಮನೆಯ ಚುಕ್ಕೆಯೇ ಹೆಚ್ಚು ಸಲ ಒತ್ತಿದ್ದರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆಗೆ ಸಂಜೆಯ ಬೆಳಕು ಬೇಕೇ ಬೇಕು, ಆ ಅಡುಗೆಮನೆಯ ಕಿಟಕಿ ಪಶ್ಚಿಮಕ್ಕಿತ್ತು. ರೈಲನ್ನು ಆರು ಸಲ ಕೇಳಿದ್ದರು.

ಏಳನೆಯ ದಿನ ಗಂಡಹೆಂಡತಿ ಖಾನಾಪುರಕ್ಕೆ ಬಂದರು. ಎಲ್ಲ ಕೋಣೆ ನೋಡಿ ಪಡಸಾಲೆಯಲ್ಲಿ ಕೂತರು. ಗಂಡ ಚೌಕಾಶಿ ಶುರುಮಾಡಿದರು. ಯಾರೋ ಕಲಿಸಿ ಕಳಿಸಿದ್ದಾರೆಂದು ಮೊದಲ ಮಾತಿಗೇ ತಿಳಿಯಿತು.

“ರೈಲಿನ ಬಾಜೂಕ ಮನಿ ಅಂದ್ರ ಎರಡು ಲಕ್ಷ ಇಳಿಸೇ ಇಳಿಸ್ತಾರಂತ, ಪ್ಯಾಟ್ಯಾಗ ಹೇಳಿದ್ರು.”

“ಖರೇ ಹೇಳ್ಯಾರ್ರಿ. ಇಳಿಸಬೇಕು” ಎಂದೆ. ಯಜಮಾನರು ನನ್ನನ್ನು ದುರುಗುಟ್ಟಿ ನೋಡಿದರು. “ಹಿಂದಿನ ಓಣಿಯೊಳಗ ಇಂಥಾದ್ದ ಮನಿ ನಲವತ್ತಮೂರಕ್ಕ ಹೋಗೇತಿ, ಕೇಳಿ ನೋಡ್ರಿ. ಅಲ್ಲಿ ರೈಲು ಕೇಳಂಗಿಲ್ಲ. ಇದಕ್ಕ ನಲವತ್ತು ಹೇಳೀನಿ. ಎರಡಲ್ಲ, ಮೂರು ಇಳಿಸೇ ಹೇಳೀನಿ. ರೈಲು ದರದಾಗ ಸೇರೇತಿ.”

“ಅಂದ್ರೂ ಸ್ವಲ್ಪ...”

“ಮುಚ್ಚಿಟ್ಟು ಇವತ್ತ ತೋರಿಸಿದ್ರ ನೀವು ಜಗಳಾ ತಗೀಬಹುದಿತ್ತು. ನೀವು ಮನ್ಯಾಗ ಕುಂತು ಕೇಳಿ, ಒಪ್ಪಿ, ಬಂದೀರಿ. ಒಂದ ರೈಲಿಗೆ ಎರಡು ಸಲ ಟಿಕೀಟು ತಗೀಬ್ಯಾಡ್ರಿ.”

ಅವರ ಹೆಂಡತಿ, ಕಾಲೇಜಿನ ಮೇಡಂ, ಬಾಯಿಗೆ ಸೆರಗು ಹಿಡಿದು ನಕ್ಕರು. ಅಷ್ಟರಲ್ಲಿ ಗಾಡಿ ಬಂತು. ಎಲ್ಲರೂ ಮಾತು ನಿಲ್ಲಿಸಬೇಕಾಯಿತು. ಯಾರೂ ಮಿಕ್ಸರ್ ಹಚ್ಚಲಿಲ್ಲ. ಸದ್ದು ಅಡಗಿದ ಮೇಲೆ ಮೇಡಂ ಗಂಡನಿಗೆ ಹೇಳಿದರು: “ಮೊಬೈಲ್‌ನ್ಯಾಗ ಇದಕಿಂತ ಜೋರ್ ಕೇಳ್ತಿತ್ತು. ನಂಗ ನಡಿತೈತಿ. ಬಸ್ಸಿನ್ಯಾಗ ನಿಂತು ಹೋಗೂದು ತಪ್ಪತೈತಿ, ಅಷ್ಟು ಸಾಕು.”

ಗಂಡ ಇನ್ನೊಮ್ಮೆ ಎಳೆದರು. ಬರಿಗೈಲಿ ಎದ್ದರೆ ಗಂಡಸಿಗೆ ಮನಸ್ಸು ಒಪ್ಪುವುದಿಲ್ಲ, ಗೊತ್ತಿದ್ದದ್ದೇ. ಅದಕ್ಕೇ ನಾಲ್ಕು ಫ್ಯಾನು, ನೀರಿನ ಮೋಟಾರು ಬಿಟ್ಟುಕೊಡುವ ಮಾತನ್ನು ನಾನೂ ಯಜಮಾನರೂ ಮೊದಲೇ ಆಡಿ ಇಟ್ಟುಕೊಂಡಿದ್ದೆವು. ಅವನ್ನು ಕೊಟ್ಟೆವು. ಬೆಲೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಆಯಿಯೇ ತಟ್ಟೆಯಲ್ಲಿ ಸಕ್ಕರೆ ತಂದಿಟ್ಟರು, ಸಂಚಕಾರ ಆಯಿತು. ದಸರಾಕ್ಕೆ ನಾಲ್ಕು ದಿನ ಮೊದಲು ಖಾಸಬಾಗದ ಅಂಗಡಿಯ ಕೀಲಿ ಯಜಮಾನರ ಕೈಗೆ ಬಂತು.

ಈಗ ಚಹಾದಂಗಡಿಯಿಂದ ಫೋನುಗಳು ಬರುತ್ತವೆ, ಕ್ಯಾಮೆರಾ ಬಾಡಿಗೆಗೆ ಕೊಡುತ್ತೀರಾ ಎಂದು. ಕೊಡುತ್ತೇನೆ. ದಿನಕ್ಕೆ ಎರಡು ಸಾವಿರ, ಬಂದು ತೆಗೆಯುವವಳು ನಾನೇ, ಚೌಕಾಶಿ ಇಲ್ಲ. ಮನೆಯ ದೋಷಕ್ಕೆ ಕೆಂಪು ಚುಕ್ಕೆ ಇಡಲು ಒಪ್ಪದವರಿಗೆ ಆ ದರಕ್ಕೂ ಇಲ್ಲ.

ನೀವು ಮನೆ ಮಾರುವವರಾಗಿದ್ದರೆ ನನ್ನ ಮಾತು ಕೇಳಿ. ಮನೆಯ ಕೆಟ್ಟ ಅಂಶ ಯಾವುದೆಂದು ಅಕ್ಕಪಕ್ಕದವರನ್ನು ಕೇಳಿ. ಅವರು ಗಿರಾಕಿಗೆ ಹೇಗೂ ಹೇಳುವವರಿದ್ದಾರೆ. ಅದರ ಬೆಲೆ ಮೊದಲೇ ಕಳೆದು, ದೋಷವನ್ನು ಎಲ್ಲರಿಗಿಂತ ಮೊದಲು ನೀವೇ ತೋರಿಸಿ. ಹಾಗೆ ಮಾಡಿದ ಮೇಲೆ ಅದೇ ದೋಷಕ್ಕೆ ಮತ್ತೆ ಬೆಲೆ ಇಳಿಸಬೇಡಿ, ಯಾರು ಏನೇ ಅನ್ನಲಿ. ಕೊನೆಗೆ ಬಿಟ್ಟುಕೊಡಲು ಫ್ಯಾನಿನಂಥ ಒಂದೆರಡು ಸಾಮಾನು ಕೈಯಲ್ಲಿರಲಿ. ಚಿತ್ರ ತೆಗೆಸುವ ದಿನ ಮನೆಮಂದಿಯೆಲ್ಲ ಹೊರಗಿರಲಿ. ದೇವರ ಕೋಣೆ, ಕಪಾಟು, ಗೂಟಕ್ಕೆ ನೇತುಹಾಕಿದ ಕೀಲಿ, ಮಕ್ಕಳ ಫೋಟೊ ಯಾವುದೂ ಕಾಣದಂತೆ ಮಾಡಿ. ಕನ್ನಡಿಗೊಂದು ಚಾದರ ಹೊದಿಸಿ. ಲಿಂಕನ್ನು ಯಾರಿಗಾದರೂ ಕಳಿಸುವ ಮೊದಲು ಒಂದೊಂದು ಕೋಣೆಯನ್ನೂ ಬೆರಳಿನಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ, ಮೇಲೆ ಸೂರು, ಕೆಳಗೆ ನೆಲ ಕೂಡ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಅವಸರ ಮಾಡಬೇಡಿ.