ಪರದೆ ಇಲ್ಲದ ನಾಟಕಕ್ಕೆ ಅವ್ವನ ಆಯೇರಿ

2011ರ ಚಳಿಗಾಲದ ಮಾತು. ನನ್ನ ತಮ್ಮ ಮಲ್ಲುವಿಗೆ ಲೋಕಾಪುರದಲ್ಲಿ ಹುಡುಗಿ ನೋಡಿದ್ದೆವು. (ಹೆಸರು ಬದಲಿಸಿದ್ದೇನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ನನ್ನ ತಲೆಗೆ ಬಂದಿತ್ತು. ನನ್ನನ್ನು ಕೊಟ್ಟದ್ದು ಜಮಖಂಡಿಗೆ. ಆದರೂ ಬನಹಟ್ಟಿಯ ತವರಿಗೆ ಎಡತಾಕಿ ಈ ಸಂಬಂಧ ಕುದುರಿಸಿದವಳು ನಾನೇ. ನಿಶ್ಚಯಕ್ಕೆ ದಿನ ಹಿಡಿಯುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಇವನಿಗೆ ನಾಟಕದ ಹುಚ್ಚು ಹತ್ತಿತು. ಮುಧೋಳದಲ್ಲಿ ಅವನ ಜೊತೆ ಕೆಲಸಕ್ಕಿದ್ದ ಧಾರವಾಡದ ವಿಜಯ ಎಂಬವನೂ ಇವನೂ ಸೇರಿ ದಿನಾ ಸಂಜೆ ತಾಲೀಮು ನಡೆಸಿದ್ದರು.

"ಏನ್ ನಾಟಕೋ ಅದು?" ಅಂತ ಕೇಳಿದೆ.

"ಇಬ್ಬರು ಗೆಳೆಯಾರ ಕತಿ, ಅಕ್ಕಾ."

"ಹೀರೋಯಿನ್ ಯಾರು?"

"ಹೀರೋಯಿನ್ ಇಲ್ಲ."

ನನಗೆ ಅಲ್ಲೇ ಸಂಶಯ ಬಂತು. ಹೀರೋಯಿನ್ ಇಲ್ಲದ ನಾಟಕವನ್ನು ನಮ್ಮ ಕಡೆ ಯಾರಾದರೂ ಕಂಡಿದ್ದಾರೆಯೇ? ಯಾವಳೋ ನಾಟಕದವಳು ಗಂಟುಬಿದ್ದಿದ್ದಾಳೆ, ಅದಕ್ಕೇ ಮುಚ್ಚಿಡುತ್ತಿದ್ದಾನೆ ಅಂದುಕೊಂಡೆ. ಊಟ ಕಡಿಮೆಯಾಗಿತ್ತು, ಫೋನ್ ಬಂದರೆ ಹಿತ್ತಲಿಗೆ ಹೋಗುತ್ತಿದ್ದ. ತಡೆಯದೆ ನನ್ನ ಯಜಮಾನರನ್ನೇ ಮುಧೋಳಕ್ಕೆ ಅಟ್ಟಿದೆ. ಅವರು ತಾಲೀಮು ನೋಡಿಕೊಂಡು ಬಂದು, "ಯಾವ ಹೆಣ್ಣಮಗಳೂ ಇಲ್ಲ. ಒಂದು ಹೊರಸು ಐತಿ, ಇವರಿಬ್ಬರೇ ಕುಂತು ಸಣ್ಣ ದನಿಲೆ ಮಾತಾಡತಾರ. ನನಗಂತೂ ನಿದ್ದಿ ಬಂತು," ಅಂದರು. ಅವರನ್ನೂ ಮಲ್ಲು ಒಳಗೆ ಹಾಕಿಕೊಂಡಿದ್ದಾನೆ ಎಂದೇ ತಿಳಿದೆ.

"ನೀ ಒಬ್ಬಾಕಿ ಸಂಶಯ ಪಿಶಾಚಿ," ಅಂತ ಅವ್ವ ಬೈದಳು.

ಆ ಭಾನುವಾರ ಸಂಜೆ ಬನಹಟ್ಟಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಾಟಕ. ಅವ್ವನ ಜೊತೆ ಒಳಗೆ ಕಾಲಿಟ್ಟು ಮುಂದೆ ನೋಡಿದೆ. ಮುಂದಿನ ಸಾಲಿನಲ್ಲಿ ಲೋಕಾಪುರದ ಹುಡುಗಿಯ ಸೋದರಮಾವ ಕೂತಿದ್ದರು. ಇವರನ್ನು ಕರೆದವರು ಯಾರು? ನಾನಂತೂ ಅಲ್ಲ. ಯಾರೋ ಆಗದವರು ಈ ಸಂಬಂಧ ಮುರಿಯಲಿಕ್ಕೇ ಕರೆಸಿದ್ದಾರೆ ಅನ್ನಿಸಿ ಅಕ್ಕಪಕ್ಕದವರ ಮುಖವೆಲ್ಲ ನೋಡಿದೆ.

ವೇದಿಕೆಯ ಮೇಲೆ ಪರದೆ ಇಲ್ಲ, ಸೀನು ಇಲ್ಲ, ಪೇಟಿ-ತಬಲಾ ಇಲ್ಲ. ಕೂರಲು ಒಂದು ಹೊರಸಿನ ಮಂಚ, ಒಂದು ದೀಪ. ಮಲ್ಲು ಮತ್ತು ವಿಜಯ ಮನೆಯ ಅಂಗಿಯಲ್ಲೇ ಬಂದು ಕೂತು ಮಾತು ಶುರು ಮಾಡಿದರು. ಬಣ್ಣ ಸಹ ಹಚ್ಚಿರಲಿಲ್ಲ. ಮಂದಿ ತಮ್ಮಷ್ಟಕ್ಕೆ ಹರಟುತ್ತಲೇ ಇದ್ದರು.

"ಇನ್ನ ಚಾಲೂ ಆಗಿಲ್ರಿ, ಮೈಕ್ ಟೆಸ್ಟ್ ಮಾಡಾಕತ್ತಾರ," ಅಂದರು ನನ್ನ ಹಿಂದಿನವರು.

ನಾಟಕದಲ್ಲಿ ಮಲ್ಲುವಿನ ಪಾತ್ರಕ್ಕೆ ಮದುವೆ ಗೊತ್ತಾಗಿದೆ. ಗೆಳೆಯ ಅವನಿಗೆ ಶುಭ ಹಾರೈಸಲು ಬಂದಿದ್ದಾನೆ. ಇವನು ತಲೆ ತಗ್ಗಿಸಿ ಹೇಳಿದ: "ಆ ಹುಡುಗಿಗೆ ಮೋಸ ಮಾಡಲಾರೆ. ನನ್ನ ಮನಸ್ಸು ಯಾವ ಹೆಣ್ಣಿನ ಮ್ಯಾಲೂ ಹೋಗಿಲ್ಲ. ನಿನ್ನ ಮ್ಯಾಲ ಐತಿ."

ಮಂದಿಗೆ ನಾಟಕ ಶುರುವಾಗಿದೆ ಎಂದು ಗೊತ್ತಾದದ್ದೇ ಆಗ. ಹರಟುತ್ತಿದ್ದವರೆಲ್ಲ ವೇದಿಕೆಯ ಕಡೆ ತಿರುಗಿದರು. ಆಮೇಲೆ ಹಿಂದಿನಿಂದ ಒಂದು ಸೀಟಿ, ನಗು, ಕುರ್ಚಿ ಎಳೆದಾಡುವ ಸಪ್ಪಳ. ಹೆಂಗಸರು ಸೆರಗು ಬಾಯಿಗೆ ಹಿಡಿದರು. "ಪರದೆ ಎಳೀರಪೋ!" ಅಂತ ಒಬ್ಬ ಕೂಗಿದ. ಪರದೆ ಇದ್ದರಲ್ಲವೇ ಎಳೆಯುವುದು? ಅವರಿಬ್ಬರೂ ಆ ದೀಪದ ಕೆಳಗೆ ಹಾಗೇ ಕೂತಿದ್ದರು. ಮಲ್ಲುವಿನ ಗದ್ದ ನಡುಗುತ್ತಿತ್ತು. ಅದು ಅಭಿನಯವಲ್ಲ, ಸಣ್ಣವನಿದ್ದಾಗ ಅಳು ತಡೆಯುವಾಗ ಹಾಗೆಯೇ ಮಾಡುತ್ತಿದ್ದ. ನನಗೆ ಎಲ್ಲ ತಿಳಿದುಹೋಯಿತು. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಅವ್ವ ಎದ್ದಳು. ಮರ್ಯಾದೆಗೆ ಅಂಜಿ ಮನೆಗೆ ಹೊರಟಳೆಂದು ನಾನೂ ಎದ್ದೆ. ಅವಳು ಬಾಗಿಲ ಕಡೆ ಹೋಗಲಿಲ್ಲ, ವೇದಿಕೆಯ ಮೆಟ್ಟಿಲು ಹತ್ತಿದಳು.

ನಮ್ಮ ಕಡೆ ಮದುವೆಯಲ್ಲಿ ಮದುಮಕ್ಕಳಿಬ್ಬರಿಗೂ ಬಟ್ಟೆ ಉಡುಗೊರೆ ಮಾಡುವುದಕ್ಕೆ ಆಯೇರಿ ಅನ್ನುತ್ತಾರೆ. ಊರ ನಾಟಕದಲ್ಲೂ ಆ ಪದ್ಧತಿ ಉಂಟು. ಪಾತ್ರಧಾರಿಯ ಮನೆಯವರು ನಡುವೆಯೇ ಮೇಲೆ ಹತ್ತಿ ಆಯೇರಿ ಮಾಡುತ್ತಾರೆ, ಅಷ್ಟು ಹೊತ್ತು ನಾಟಕ ನಿಲ್ಲುತ್ತದೆ, ಮಂದಿ ಚಪ್ಪಾಳೆ ತಟ್ಟುತ್ತಾರೆ. ಈ ನಾಟಕಕ್ಕೆ ಅದೆಲ್ಲ ಬೇಡವೆಂದು ಮಲ್ಲು ಮೊದಲೇ ಹೇಳಿದ್ದ. ಕೇಳಬೇಕಲ್ಲ ಅವ್ವ! ಸೆರಗಿನ ಮರೆಯಿಂದ ಒಂದು ಜೋಡಿ ಧೋತರ ತೆಗೆದಳು. ಜೋಡಿ ಧೋತರವೆಂದರೆ ಎರಡೂ ಕೂಡಿದ ಒಂದೇ ಉದ್ದನೆಯ ಬಟ್ಟೆ. ಮಲ್ಲುವಿನ ಹೆಗಲಿಗೆ ಹಾಕಲು ಹೋದವಳು ತಡೆದು ನಿಂತಳು. ವಿಜಯನನ್ನು ನೋಡಿದಳು. ಅಂಚಿಗೆ ಹಲ್ಲು ಹಚ್ಚಿ ಪರ್ರೆಂದು ನಡುವೆ ಹರಿದಳು. ಒಂದನ್ನು ಮಗನ ಹೆಗಲಿಗೆ, ಇನ್ನೊಂದನ್ನು ಅವನ ಹೆಗಲಿಗೆ ಹಾಕಿದಳು.

"ನನ್ನ ಮಗಗ ನನ್ನ ಆಯೇರಿ. ಇದು ನಿನಗಪಾ," ಅಂದಳು.

ಆಯೇರಿ ಎಂದ ಕೂಡಲೇ ಚಪ್ಪಾಳೆ ತಟ್ಟಿ ರೂಢಿಯಾದ ಮಂದಿ. ವಿಚಾರ ಮಾಡುವ ಮೊದಲೇ ಕೈಗಳು ತಟ್ಟಿಬಿಟ್ಟವು. ತಟ್ಟಿದ ಮೇಲೆ ಬೈಯುವುದು ಹೇಗೆ? ನಾಟಕ ಕೊನೆಯವರೆಗೂ ನಡೆಯಿತು.

ಮುಗಿದ ಮೇಲೆ ಲೋಕಾಪುರದವರು ನನ್ನ ಹತ್ತಿರ ಬಂದರು. "ತಂಗಿ, ನಿಮ್ಮ ತಮ್ಮನೇ ಫೋನ್ ಮಾಡಿ ಕರದಿದ್ದ. ನಾಟಕ ನೋಡ್ರಿ, ಆಮ್ಯಾಲ ದಿನಾ ಹಿಡಿಯೂ ಮಾತು ಆಡೋಣು ಅಂದಿದ್ದ. ಈಗ ತಿಳೀತು. ನಮ್ಮ ಹುಡುಗಿ ಬಾಳೇವು ಉಳೀತು," ಅಂದು ಕೈಮುಗಿದು ಹೋದರು. ನನಗೆ ಸಿಟ್ಟು, ನಾಚಿಕೆ, ಸಂಕಟ. ಲೋಕಾಪುರದವರಿಗೆ ತಿಳಿಸಲು ದಾರಿ ಹುಡುಕಿದವನು ಒಡಹುಟ್ಟಿದ ನನಗೆ ಒಂದು ಮಾತು ಹೇಳಲಿಲ್ಲ. ಆ ನೋವು ಇಂದಿಗೂ ಇದೆ.

ಆ ವಾರ ಇಲ್ಲಿಯ ಪತ್ರಿಕೆಯೊಂದು "ಸೀನಿಲ್ಲ, ಸಂಗೀತವಿಲ್ಲ, ಇಂಥ ವಿಷಯ ನಮ್ಮ ಭಾಗಕ್ಕೆ ಬೇಕಿರಲಿಲ್ಲ, ನಡುವೆ ಒಬ್ಬ ಮುದುಕಿಯ ಆಯೇರಿಯಿಂದ ರಸಭಂಗ" ಎಂದು ಬರೆಯಿತು. ಧಾರವಾಡದಿಂದ ಬಂದಿದ್ದ ವಿಮರ್ಶಕರೊಬ್ಬರು ಮಾತ್ರ ಬಹಳ ಹೊಗಳಿದ್ದರು. ಪ್ರೇಕ್ಷಕರ ನಡುವಿನಿಂದ ಎದ್ದುಬರುವ ತಾಯಿಯ ಪಾತ್ರಧಾರಿಯ ಅಭಿನಯವೇ ನಾಟಕದ ಜೀವಾಳವಂತೆ!

ಅದನ್ನು ಓದಿ ನನ್ನ ತಲೆ ಮತ್ತೆ ತಿರುಗಿತು. ಮಲ್ಲು ಅವ್ವನಿಗೆ ಕಲಿಸಿಯೇ ಮಾಡಿಸಿದನೇನು? ಅವ್ವನಿಗೆ ಎಲ್ಲ ಮೊದಲೇ ಗೊತ್ತಿತ್ತೇನು? ಬನಹಟ್ಟಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಬಿಡಿಸುತ್ತಿದ್ದಳು.

"ಖರೆ ಹೇಳಬೇ, ಯಾರು ಹೇಳಿಕೊಟ್ರು ನಿನಗ?"

"ಯಾರು ಹೇಳಿಕೊಡತಾರ?"

"ಮತ್ತ ಧೋತರ ಯಾಕ ಹರದಿ?"

ಅವ್ವ ಪಲ್ಲೆಯಿಂದ ಕಣ್ಣೆತ್ತಲಿಲ್ಲ. "ಅವನ ಮದವ್ಯಾಗ ಆಯೇರಿ ಮಾಡಬೇಕಂತ ಭಾಳ ಆಸೆ ಇತ್ತು. ಆ ಮದವಿ ಇನ್ನ ಆಗೂದಿಲ್ಲಂತ ಅಲ್ಲೇ ಕುಂತಾಗ ತಿಳೀತು. ಅದಕ್ಕ ಅಲ್ಲೇ ಮಾಡಿ ಬಂದೆ."